ದಣಿವು ಇಳಿಯಲು ಜಾಗ ಬೇಕು: ಬರ್ನ್‌ಔಟ್ ತಡೆಯಲ್ಲಿ ವಿರಾಮ ಮತ್ತು ಮೌನ

ದಿನಕ್ಕೆ ಹತ್ತು ಗಂಟೆ ಮೈಮುರಿದು ದುಡಿದವರಿಗೆಲ್ಲ ಬರ್ನ್‌ಔಟ್ (ಕೆಲಸದ ಒತ್ತಡ ಕೂಡಿಕೂಡಿ ಶಕ್ತಿಯೂ ಮನಸ್ಸೂ ಬತ್ತಿಹೋಗುವುದು) ಆಗುವುದಿಲ್ಲ. ಎಂಟೇ ಗಂಟೆ ಕೆಲಸ ಮಾಡುವವರು ವರ್ಷ ತುಂಬುವುದರೊಳಗೆ ಕೈಚೆಲ್ಲಿ ಕೂರುವುದೂ ಉಂಟು. ಎಷ್ಟು ದಣಿದಿರಿ ಎನ್ನುವುದು ಅರ್ಧ ಲೆಕ್ಕ ಮಾತ್ರ. ಆ ದಣಿವು ಮಾರನೆಯ ಬೆಳಗಿನ ಹೊತ್ತಿಗೆ ಇಳಿದಿತ್ತೇ ಎನ್ನುವುದು ಉಳಿದರ್ಧ. ಈ ವಿಷಯದ ಮೇಲೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮೊದಲರ್ಧವನ್ನೇ ಹಿಡಿದು ‘ಕೆಲಸ ಕಡಿಮೆ ಮಾಡಿ’ ಎಂದು ಹೇಳಿ ಮುಗಿಸುತ್ತವೆ. ಕಡಿಮೆ ಮಾಡುವ ಅಧಿಕಾರವೇ ಇಲ್ಲದವರಿಗೆ ಅದರಿಂದ ಏನೂ ದಕ್ಕುವುದಿಲ್ಲ. ಇಲ್ಲಿ ಎರಡನೆಯ ಅರ್ಧವನ್ನು ನೋಡೋಣ: ದಣಿವು ಇಳಿಯುವುದು ಹೇಗೆ, ಕೆಲವೊಮ್ಮೆ ಇಳಿಯದೇ ಉಳಿಯುವುದು ಯಾಕೆ, ವಿರಾಮವನ್ನೂ ಮೌನವನ್ನೂ ದಿನದ ಯಾವ ಜಾಗದಲ್ಲಿ ಎಷ್ಟು ಹೊತ್ತು ಇಟ್ಟರೆ ಉಪಯೋಗ.

ಬಾಕಿ ಉಳಿಯುವ ದಣಿವು

ಕೆಲಸಕ್ಕೆ ಕೂತಾಗ ದೇಹ ಅದಕ್ಕೆ ತಕ್ಕಂತೆ ಸಜ್ಜಾಗುತ್ತದೆ. ಎದೆಬಡಿತವೂ ರಕ್ತದೊತ್ತಡವೂ ತುಸು ಏರುತ್ತವೆ, ಅಡ್ರಿನಲಿನ್ ಹೆಚ್ಚುತ್ತದೆ, ಕುತ್ತಿಗೆ–ಭುಜದ ಸ್ನಾಯುಗಳು ಬಿಗಿಯುತ್ತವೆ. ಇದರಲ್ಲಿ ತಪ್ಪೇನಿಲ್ಲ, ಕೆಲಸ ಸಾಗಲು ಇದು ಬೇಕು. ಕೆಲಸದ ಒತ್ತಾಯ ನಿಂತ ಮೇಲೆ ಇವೆಲ್ಲ ತಾವಾಗಿಯೇ ಹಿಂದಿನ ಮಟ್ಟಕ್ಕೆ ಬರುತ್ತವೆ. ಡಚ್ ಸಂಶೋಧಕರಾದ ಮೈಮನ್ ಮತ್ತು ಮುಲ್ಡರ್ 1998ರಲ್ಲಿ ಮಂಡಿಸಿದ ‘ಶ್ರಮ–ಚೇತರಿಕೆ’ ಮಾದರಿಯ ತಿರುಳು ಇಷ್ಟೇ. ಆದರೆ ಒಂದು ಷರತ್ತಿದೆ: ಒತ್ತಾಯ ನಿಜವಾಗಿಯೂ ನಿಲ್ಲಬೇಕು.

ಸಂಜೆ ಆರಕ್ಕೆ ಲ್ಯಾಪ್‌ಟಾಪ್ ಮುಚ್ಚಿ, ಏಳೂವರೆಗೆ ‘ಒಂದೇ ಒಂದು’ ಮೇಲ್ ನೋಡಿ, ಒಂಬತ್ತಕ್ಕೆ ಗ್ರೂಪ್‌ನಲ್ಲಿ ಉತ್ತರ ಕೊಟ್ಟು, ಹನ್ನೊಂದಕ್ಕೆ ನಾಳಿನ ಮೀಟಿಂಗ್ ನೆನೆಯುತ್ತ ಮಲಗಿದವರ ಕೆಲಸದ ಹೊತ್ತು ಹಾಜರಿ ಪುಸ್ತಕದ ಪ್ರಕಾರ ಎಂಟು ಗಂಟೆ, ದೇಹದ ಪ್ರಕಾರ ಹದಿಮೂರು. ಕೆಲಸವನ್ನೇ ಮಾಡಬೇಕೆಂದಿಲ್ಲ, ಅದರ ಚಿಂತೆ ಮಾಡಿದರೂ ಸಾಕು, ದೇಹ ಸಜ್ಜಾಗಿಯೇ ಉಳಿಯುತ್ತದೆ. ಬ್ರೊಶಾಟ್ ಮತ್ತು ಸಂಗಡಿಗರು 2006ರಲ್ಲಿ ಒತ್ತಿ ಹೇಳಿದ್ದು ಇದನ್ನೇ: ಒತ್ತಡದ ಘಟನೆಗಿಂತ ಅದರ ಮೊದಲೂ ಆಮೇಲೂ ತಲೆಯಲ್ಲಿ ಸುತ್ತುವ ಯೋಚನೆಯೇ ದೇಹವನ್ನು ಹೆಚ್ಚು ಹೊತ್ತು ಎಚ್ಚರದಲ್ಲಿ ಇಡುತ್ತದೆ. ಹೀಗಾದಾಗ ಮರುದಿನ ಶುರುವಾಗುವುದು ಸೊನ್ನೆಯಿಂದಲ್ಲ, ನಿನ್ನೆಯ ಬಾಕಿಯಿಂದ. ಬಡ್ಡಿ ಕಟ್ಟದೆ ಬಿಟ್ಟ ಸಾಲದ ಹಾಗೆ, ಒಂದೊಂದು ದಿನದ ಬಾಕಿ ಸಣ್ಣದು. ತಿಂಗಳುಗಟ್ಟಲೆ ಸೇರಿದರೆ ಅಸಲಿಗಿಂತ ದೊಡ್ಡದು.

ಹಾಗೆಂದು ಗಂಟೆಗಳ ಲೆಕ್ಕ ಸುಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ವಾರಕ್ಕೆ 35–40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು, ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ ಶೇ 17ರಷ್ಟು ಹೆಚ್ಚು. ಆ ಮಟ್ಟದ ದುಡಿಮೆಗೆ ಯಾವ ವಿರಾಮದ ಉಪಾಯವೂ ಮದ್ದಲ್ಲ.

ಯಾವುದು ಬರ್ನ್‌ಔಟ್, ಯಾವುದು ಅಲ್ಲ

1974ರಲ್ಲಿ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯವೊಂದರಲ್ಲಿ ಸ್ವಯಂಸೇವಕರ ಸ್ಥಿತಿ ಕಂಡು ಇದರ ಬಗ್ಗೆ ಬರೆದರು. ಅಲ್ಲಿ ಬಳಲಿದವರು ಸೋಮಾರಿಗಳಲ್ಲ, ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ಮನಸ್ಸು ಕೊಟ್ಟವರು. 1981ರಲ್ಲಿ ಕ್ರಿಸ್ಟಿನಾ ಮಾಸ್ಲಾಕ್ ಮತ್ತು ಸೂಸನ್ ಜಾಕ್ಸನ್ ಅದನ್ನು ಅಳೆಯುವ ಪ್ರಶ್ನಾವಳಿ ಮಾಡಿದರು. ಅದು ನೋಡುವುದು ಮೂರು ಸಂಗತಿಗಳನ್ನು: ಬತ್ತಿಹೋದ ಶಕ್ತಿ, ಕೆಲಸದ ಮೇಲೂ ಜೊತೆಗಿರುವವರ ಮೇಲೂ ಬೆಳೆಯುವ ತಾತ್ಸಾರ, ‘ನಾನು ಮಾಡಿದ್ದರಿಂದ ಏನೂ ಆಗುವುದಿಲ್ಲ’ ಎಂಬ ಅನಿಸಿಕೆ. ಮೂರೂ ಒಟ್ಟಿಗೆ ಇದ್ದಾಗಲೇ ಇದು ಪೂರ್ಣ ರೂಪ. ಬರೀ ಸುಸ್ತಾಗಿದ್ದರೆ ಅದು ಸುಸ್ತು, ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ವರ್ಗೀಕರಣದಲ್ಲಿ ಇದನ್ನು ಕಾಯಿಲೆ ಎಂದು ಕರೆದಿಲ್ಲ. ಕೆಲಸದ ಸ್ಥಳದ ದೀರ್ಘಕಾಲದ ಒತ್ತಡ ಸರಿಯಾಗಿ ನಿಭಾಯಿಸಲ್ಪಡದೆ ಉಂಟಾಗುವ ವಿದ್ಯಮಾನ ಎಂದಿದೆ. ಈ ವ್ಯಾಖ್ಯೆ ನಿಭಾಯಿಸದೇ ಇದ್ದವರು ಯಾರು ಎಂದು ಹೇಳುವುದಿಲ್ಲ. ಉದ್ಯೋಗಿಯೋ ಸಂಸ್ಥೆಯೋ ಎಂಬ ಜಗಳ ಅಲ್ಲಿಂದಲೇ ಶುರು. ಅದಕ್ಕೆ ಕೊನೆಯಲ್ಲಿ ಬರೋಣ.

ಬೇಗ ಗುರುತಿಸಲು ಸುಲಭದ ಪರೀಕ್ಷೆಯೊಂದಿದೆ. ಎರಡು ದಿನ ಪೂರ್ತಿ ರಜೆ ಸಿಕ್ಕಾಗ ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ನಿಮಗೆ ಏನಾದರೂ ಮಾಡುವ ಹುಮ್ಮಸ್ಸು ಮರಳುತ್ತದೆಯೇ? ಮರಳಿದರೆ ನಿಮ್ಮ ದಣಿವು ಇನ್ನೂ ಇಳಿಯುವ ದಣಿವು. ಎರಡು ದಿನ ಮಲಗಿ ಎದ್ದರೂ ಸೋಮವಾರ ಶುಕ್ರವಾರದಷ್ಟೇ ಭಾರವಾಗಿದ್ದು, ಮೂರ್ನಾಲ್ಕು ವಾರ ಸತತವಾಗಿ ಹೀಗೇ ಆದರೆ ಬಾಕಿ ಬೆಳೆಯುತ್ತಿದೆ ಎಂದರ್ಥ. ಇನ್ನೊಂದು ಗುರುತು ಮಾತಿನಲ್ಲಿ ಸಿಗುತ್ತದೆ. ಗ್ರಾಹಕರನ್ನೋ ರೋಗಿಗಳನ್ನೋ ವಿದ್ಯಾರ್ಥಿಗಳನ್ನೋ ‘ಇನ್ನೊಂದು ಬಂತು’ ಎಂದು ವಸ್ತುವಿನ ಹಾಗೆ ಕರೆಯುವುದು ಅಭ್ಯಾಸವಾದರೆ ತಾತ್ಸಾರ ಒಳಗೆ ಇಳಿದಿದೆ. ಇದನ್ನು ನಮಗಿಂತ ಮೊದಲು ಮನೆಯವರು ಗಮನಿಸುತ್ತಾರೆ.

ವಿರಾಮದಲ್ಲಿ ನಾಲ್ಕು ಬಗೆ

ಸೋಫಾದ ಮೇಲೆ ಮೂರು ಗಂಟೆ ಬಿದ್ದುಕೊಂಡು ಎದ್ದರೂ ಹಗುರವಾಗದಿರುವುದು ಯಾಕೆ? ಜರ್ಮನಿಯ ಸಬೀನ ಸೊನೆನ್‌ಟಾಗ್ ಮತ್ತು ಶಾರ್ಲಟ್ ಫ್ರಿಟ್ಸ್ 2007ರಲ್ಲಿ ಚೇತರಿಕೆಯನ್ನು ನಾಲ್ಕು ಭಾಗ ಮಾಡಿದರು. ಮೊದಲನೆಯದು ಕೆಲಸದಿಂದ ಮನಸ್ಸು ಕಳಚಿಕೊಳ್ಳುವುದು. ಎರಡನೆಯದು ಮೈ ಸಡಿಲವಾಗುವುದು. ಮೂರನೆಯದು ಕೆಲಸಕ್ಕೆ ಸಂಬಂಧವೇ ಇಲ್ಲದ ಯಾವುದಾದರೂ ಕೌಶಲದಲ್ಲಿ ಪಳಗುವುದು: ವಾದ್ಯ, ಈಜು, ಮರಗೆಲಸ, ಹೊಸ ಭಾಷೆ. ನಾಲ್ಕನೆಯದು ಬಿಡುವಿನ ಹೊತ್ತಿನಲ್ಲಿ ಏನು ಮಾಡಬೇಕೆಂಬ ತೀರ್ಮಾನ ನಮ್ಮ ಕೈಯಲ್ಲಿರುವುದು.

ಇವುಗಳಲ್ಲಿ ಮೊದಲನೆಯದೇ ಬುನಾದಿ. ಫೋನನ್ನು ಬೆರಳಿನಿಂದ ತಳ್ಳುತ್ತ ಕಳೆದ ಸಂಜೆಯಲ್ಲಿ ಮೈ ಸಡಿಲವಾಗಿರುತ್ತದೆ, ಮನಸ್ಸು ಕಳಚಿಕೊಂಡಿರುವುದಿಲ್ಲ. ಅದೇ ಪರದೆಯ ಮೇಲೆ ಕಚೇರಿಯ ಗ್ರೂಪ್ ಒಂದು ಬೆರಳಿನ ದೂರದಲ್ಲಿ ಕಾದಿರುತ್ತದೆ. ಸಂಗೀತ ಕಲಿಯಲು ಹೋದವರು ಒಂದು ಗಂಟೆ ಕಷ್ಟಪಟ್ಟು ಬಂದರೂ ಹಗುರವಾಗಿರುತ್ತಾರೆ. ಸ್ವರ ತಪ್ಪದಂತೆ ನೋಡಿಕೊಳ್ಳುತ್ತಲೇ ಡೆಡ್‌ಲೈನ್ ನೆನೆಯಲು ಆಗುವುದಿಲ್ಲ. ಹಾಗಾಗಿ ‘ಸುಸ್ತಾಗಿದೆ, ಏನೂ ಮಾಡುವುದಿಲ್ಲ’ ಎನ್ನುವುದು ಎಲ್ಲ ದಿನಕ್ಕೂ ಸರಿಯಾದ ಉತ್ತರವಲ್ಲ. ದಿನವಿಡೀ ಕೂತು ತಲೆ ಓಡಿಸಿದವರಿಗೆ ಕಾಲಾಡಿಸುವುದು ವಿರಾಮ, ದಿನವಿಡೀ ನಿಂತು ಜನರೊಡನೆ ಮಾತಾಡಿದವರಿಗೆ ಒಬ್ಬರೇ ಕೂರುವುದು ವಿರಾಮ.

ನಾಲ್ಕನೆಯದನ್ನು ಸಂಸ್ಥೆಗಳು ಮರೆಯುತ್ತವೆ. ಊಟದ ವಿರಾಮದ ಬಗ್ಗೆ ಜಾನ್ ಟ್ರೌಗಾಕೋಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮಗೆ ಆಯ್ಕೆಯೇ ಇಲ್ಲದೆ ಸಹೋದ್ಯೋಗಿಗಳೊಂದಿಗೆ ಬೆರೆಯಬೇಕಾಗಿ ಬಂದವರು ದಿನದ ಕೊನೆಗೆ ಹೆಚ್ಚು ದಣಿದಿದ್ದರು. ‘ತಂಡದ ಮೋಜಿನ ಊಟ’ ಎಂದು ಕಡ್ಡಾಯ ಮಾಡಿದರೆ ಅದೂ ಒಂದು ಮೀಟಿಂಗೇ.

ದಿನದೊಳಗಿನ ಸಣ್ಣ ಬಿಡುವು

25 ನಿಮಿಷ ಕೆಲಸ, 5 ನಿಮಿಷ ಬಿಡುವು. 90 ನಿಮಿಷದ ಚಕ್ರ. ಇಂಥ ಮಂತ್ರಸಂಖ್ಯೆಗಳು ಬಹಳ ಇವೆ. ಎಲ್ಲರಿಗೂ ಹೊಂದುವ ಒಂದು ಅಂಕಿ ಎಂಬುದಿಲ್ಲ. 2022ರಲ್ಲಿ ಪ್ರಕಟವಾದ, ಹತ್ತು ನಿಮಿಷಕ್ಕೆ ಮೀರದ ಬಿಡುವುಗಳ ಮೇಲಿನ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ವಿಶ್ಲೇಷಣೆಯಲ್ಲಿ ಎರಡು ಸಂಗತಿ ಕಂಡವು. ಇಂಥ ಬಿಡುವಿನಿಂದ ಹುರುಪು ಹೆಚ್ಚಿ ಆಯಾಸ ತಗ್ಗುತ್ತದೆ. ಆದರೆ ತಲೆಗೆ ಬಹಳ ಕೆಲಸ ಕೊಡುವ ಕಠಿಣ ಕಾರ್ಯಗಳಲ್ಲಿ ಸಾಧನೆ ಸುಧಾರಿಸಲು ಅಷ್ಟು ಸಾಲದು, ಹೆಚ್ಚು ಹೊತ್ತಿನ ಬಿಡುವು ಬೇಕು. ಇದರಿಂದ ಹೊರಡುವ ರೂಢಿ ಹೀಗಿರಬಹುದು: ಮಾಮೂಲಿ ಕೆಲಸದಲ್ಲಿ ಗಂಟೆಗೊಮ್ಮೆ 5 ನಿಮಿಷ, ಲೆಕ್ಕಪತ್ರವೋ ಕೋಡ್ ಬರೆಯುವುದೋ ವರದಿಯೋ ಇದ್ದಾಗ ಒಂದೂವರೆ–ಎರಡು ಗಂಟೆಗೊಮ್ಮೆ 15–20 ನಿಮಿಷ.

ಆ ಐದು ನಿಮಿಷದಲ್ಲಿ ಎದ್ದು ನಿಲ್ಲಿ, ದೂರದ ವಸ್ತುವೊಂದನ್ನು ನೋಡಿ, ನೀರು ಕುಡಿಯಿರಿ, ಹತ್ತು ಹೆಜ್ಜೆ ಹಾಕಿ. ಫೋನ್ ಮೇಜಿನ ಮೇಲೇ ಇರಲಿ. ಸುದ್ದಿಯೋ ರೀಲ್ಸೋ ನೋಡಿದರೆ ಗಮನಕ್ಕೆ ಸಿಗುವುದು ಬಿಡುವಲ್ಲ, ಇನ್ನೊಂದು ಕೆಲಸ. ಒಂದು ಕಾರ್ಯದಿಂದ ಇನ್ನೊಂದಕ್ಕೆ ಹಾರಿದಾಗ ಗಮನದ ಒಂದು ಪಾಲು ಹಿಂದಿನದರಲ್ಲೇ ಅಂಟಿಕೊಂಡಿರುತ್ತದೆ ಎಂದು ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದಾರೆ. ಬೆನ್ನಿಗೆ ಬೆನ್ನು ತಾಗಿದಂಥ ಮೀಟಿಂಗ್‌ಗಳ ದಿನ ಸಂಜೆ ತಲೆ ಮಂಕಾಗುವುದರ ಹಿಂದೆ ಇದೂ ಇದೆ. ಕ್ಯಾಲೆಂಡರ್‌ನಲ್ಲಿ ಅರ್ಧ ಗಂಟೆಯ ಮೀಟಿಂಗನ್ನು 25 ನಿಮಿಷಕ್ಕೆ, ಒಂದು ಗಂಟೆಯದನ್ನು 50ಕ್ಕೆ ಇಳಿಸುವುದು ಖರ್ಚಿಲ್ಲದ ತಿದ್ದುಪಡಿ. ಇದು ಕೆಡುವುದು ಎಲ್ಲಿ ಎಂದರೆ, ಉಳಿದ ಐದು ನಿಮಿಷದಲ್ಲಿ ಎಲ್ಲರೂ ಮೇಲ್ ತೆರೆಯುತ್ತಾರೆ.

ಮಧ್ಯಾಹ್ನ ನಿದ್ದೆಗೆ ಅವಕಾಶವಿದ್ದರೆ 10ರಿಂದ 20 ನಿಮಿಷ, ಅಲಾರಂ ಇಟ್ಟುಕೊಂಡು. ಅರ್ಧ ಗಂಟೆ ಮೀರಿದರೆ ಗಾಢ ನಿದ್ದೆಗೆ ಜಾರಿ, ಎದ್ದ ಮೇಲೆ ಬಹಳ ಹೊತ್ತು ತೂಕಡಿಕೆ ಉಳಿಯುತ್ತದೆ.

ಮೇಜು–ಕುರ್ಚಿಯ ಕೆಲಸದವರಿಗೆ ಇದೆಲ್ಲ ಹೇಳುವುದು ಸುಲಭ. ವಾರ್ಡ್‌ನ ನರ್ಸ್, ಕಾಲ್‌ಸೆಂಟರ್‌ನವರು, ಕೌಂಟರಿನ ಹಿಂದೆ ನಿಂತವರು ಬೇಕೆಂದಾಗ ಎದ್ದು ಹೋಗುವಂತಿಲ್ಲ. ಅಂಥ ಕಡೆ ಒಬ್ಬೊಬ್ಬರ ಇಚ್ಛಾಶಕ್ತಿಯನ್ನು ನಂಬಿಕೊಂಡರೆ ಬಿಡುವು ಯಾವತ್ತೂ ಸಿಗುವುದಿಲ್ಲ. ಜೋಡಿ ಪದ್ಧತಿ ಬೇಕು. ಇಬ್ಬರ ಹೆಸರನ್ನು ಪಾಳಿಯ ಪಟ್ಟಿಯಲ್ಲೇ ಜೋಡಿಸಿ, ಒಬ್ಬರ ಹತ್ತು ನಿಮಿಷಕ್ಕೆ ಇನ್ನೊಬ್ಬರು ಹೊಣೆ ಎಂದು ಬರೆದಿಡುವುದು. ಹೊತ್ತು ನಿಗದಿಯಾಗಿರಬೇಕು. ‘ಜನ ಕಡಿಮೆಯಾದಾಗ ಹೋಗಿ’ ಎಂದರೆ ಜನ ಎಂದೂ ಕಡಿಮೆಯಾಗುವುದಿಲ್ಲ.

ಕೆಲಸ ಮುಚ್ಚುವ ಕೊನೆಯ ಹದಿನೈದು ನಿಮಿಷ

ಇಡೀ ದಿನದಲ್ಲಿ ಒಂದೇ ಒಂದು ಬದಲಾವಣೆ ಮಾಡಲು ಮನಸ್ಸಿದ್ದರೆ ಅದನ್ನು ಇಲ್ಲಿ ಮಾಡಿ. ಅರ್ಧಕ್ಕೆ ನಿಂತ ಕೆಲಸ ನೆನಪಿನಲ್ಲಿ ಚುಚ್ಚುತ್ತಲೇ ಇರುತ್ತದೆ ಎಂಬುದು ಹಳೆಯ ಮಾತು. ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಅದಕ್ಕೆ ಉಪಯುಕ್ತವಾದ ತಿದ್ದುಪಡಿ ಕೊಟ್ಟರು: ಚುಚ್ಚುವುದು ನಿಲ್ಲಲು ಕೆಲಸ ಮುಗಿಯಲೇಬೇಕೆಂದಿಲ್ಲ, ಯಾವಾಗ ಹೇಗೆ ಮುಗಿಸುವುದೆಂಬ ಖಚಿತ ಯೋಜನೆ ಇದ್ದರೂ ಸಾಕು.

ಸಂಜೆ ಆರಕ್ಕೆ ಕೆಲಸ ಬಿಟ್ಟು ಏಳುವವರು ಐದೂಮುಕ್ಕಾಲಿಗೆ ಹೊಸ ಕೆಲಸ ಮುಟ್ಟುವುದನ್ನು ನಿಲ್ಲಿಸಬೇಕು. ಮೊದಲು ಇನ್‌ಬಾಕ್ಸ್ ಮೇಲೆ ಕೊನೆಯ ಸಲ ಕಣ್ಣಾಡಿಸಿ, ಉತ್ತರ ಕೊಡಲಲ್ಲ, ಇವತ್ತೇ ಬೆಂಕಿ ಹತ್ತುವಂಥದ್ದು ಏನಾದರೂ ಇದೆಯೇ ಎಂದು ನೋಡಲು. ಆಮೇಲೆ ಕಾಗದದ ಮೇಲೆ ಬಾಕಿ ಕೆಲಸಗಳನ್ನು ಬರೆಯಿರಿ, ಪ್ರತಿಯೊಂದರ ಮುಂದೆ ಮುಂದಿನ ಒಂದೇ ಹೆಜ್ಜೆ ಮತ್ತು ಹೊತ್ತು ಇರಲಿ. ‘ಬಜೆಟ್ ವರದಿ’ ಎಂದು ಬರೆದರೆ ಅದು ಚಿಂತೆಯ ಹೆಸರು. ‘ಬಜೆಟ್ ವರದಿ: ನಾಳೆ ಹತ್ತಕ್ಕೆ ಮೂರನೇ ಕೋಷ್ಟಕದ ಅಂಕಿಗಳನ್ನು ಲೆಕ್ಕ ವಿಭಾಗದಿಂದ ಕೇಳುವುದು’ ಎಂದರೆ ಅದು ಯೋಜನೆ. ಐದಾರು ಸಾಲು ಸಾಕು, ಇಪ್ಪತ್ತು ಸಾಲಾದರೆ ಪಟ್ಟಿಯೇ ಹೆದರಿಸುತ್ತದೆ. ನಾಳೆ ಕೂತ ಕೂಡಲೇ ಮುಟ್ಟುವ ಕೆಲಸಕ್ಕೆ ಗೆರೆ ಎಳೆಯಿರಿ. ಕೊನೆಗೆ ಎಲ್ಲ ಟ್ಯಾಬ್ ಮುಚ್ಚಿ, ಕಂಪ್ಯೂಟರನ್ನು ಪೂರ್ತಿ ಆರಿಸಿ, ಪಟ್ಟಿಯನ್ನು ಮೇಜಿನ ಮೇಲೇ ಬಿಟ್ಟು ಎದ್ದುಬಿಡಿ. ಅದನ್ನು ಫೋನಿನಲ್ಲಿ ಬರೆದುಕೊಂಡರೆ ಮನೆಗೂ ಹಿಂಬಾಲಿಸುತ್ತದೆ.

ಮನೆಯಿಂದಲೇ ಕೆಲಸ ಮಾಡುವವರಿಗೆ ಎದ್ದುಹೋಗುವ ದಾರಿಯೇ ಇಲ್ಲ. ಕಚೇರಿಯಿಂದ ಮನೆಗೆ ಬರುವ ಪ್ರಯಾಣ ಬೇಸರದ್ದಾದರೂ ಎರಡರ ನಡುವೆ ಒಂದು ಸಂದು ಕೊಡುತ್ತಿತ್ತು. ಅದಕ್ಕೆ ಬದಲಾಗಿ ಹೊರಗೆ 15 ನಿಮಿಷ ನಡೆದು ಬಂದು, ಬಟ್ಟೆ ಬದಲಿಸಿ, ಲ್ಯಾಪ್‌ಟಾಪನ್ನು ಕಣ್ಣಿಗೆ ಕಾಣದ ಜಾಗದಲ್ಲಿ ಇಡುವುದು ಬಹಳಷ್ಟು ಕೆಲಸ ಮಾಡುತ್ತದೆ.

ರಾತ್ರಿ ಮಲಗುವಾಗ ಮತ್ತೆ ಕೆಲಸದ ಯೋಚನೆ ತಲೆಯಲ್ಲಿ ಸುತ್ತತೊಡಗಿದರೆ ಐದು ನಿಮಿಷ ಎದ್ದು ನಾಳೆಯ ಕೆಲಸಗಳನ್ನು ಬರೆಯಿರಿ. ಬೇಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಅವರ ತಂಡ 57 ಮಂದಿಯ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಮಾಡಬೇಕಾದ್ದನ್ನು ಬರೆದವರು ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ಎಷ್ಟು ಖಚಿತವೋ ನಿದ್ದೆ ಅಷ್ಟು ಬೇಗ.

ಮೌನ ಏನು ಮಾಡುತ್ತದೆ

ಮೌನದ ಬಗ್ಗೆ ಉತ್ಪ್ರೇಕ್ಷೆ ಬಹಳ. ದಿನಕ್ಕೆ ಎರಡು ಗಂಟೆ ಮೌನದಿಂದ ಮಿದುಳಿನ ಹೊಸ ಕೋಶಗಳು ಹುಟ್ಟುತ್ತವೆ ಎಂದು ಓಡಾಡುವ ಸುದ್ದಿಯ ಮೂಲ 2013ರ ಒಂದು ಅಧ್ಯಯನ, ಮತ್ತು ಅದು ಇಲಿಗಳ ಮೇಲೆ ನಡೆದದ್ದು. ಮನುಷ್ಯರ ವಿಷಯದಲ್ಲಿ ಗೊತ್ತಿರುವುದು ಇದಕ್ಕಿಂತ ಸಾದಾ, ಆದರೆ ಹೆಚ್ಚು ಕೆಲಸಕ್ಕೆ ಬರುವಂಥದ್ದು. ಲೂಚಾನೊ ಬೆರ್ನಾರ್ದಿ ಮತ್ತು ಸಂಗಡಿಗರು 2006ರಲ್ಲಿ 24 ಮಂದಿಗೆ ಬೇರೆಬೇರೆ ಸಂಗೀತ ಕೇಳಿಸಿ ಎದೆಬಡಿತ, ರಕ್ತದೊತ್ತಡ, ಉಸಿರಾಟ ಅಳೆದರು. ಸಂಗೀತದ ತುಣುಕುಗಳ ನಡುವೆ ಇಟ್ಟಿದ್ದ ಎರಡು ನಿಮಿಷದ ನಿಶ್ಶಬ್ದದಲ್ಲಿ ದೇಹ ಪ್ರಯೋಗಕ್ಕೆ ಮುಂಚಿನ ವಿಶ್ರಾಂತ ಸ್ಥಿತಿಗಿಂತಲೂ ಹೆಚ್ಚು ಸಡಿಲವಾಯಿತು. ಗಮನವನ್ನು ಹಿಡಿದಿಟ್ಟಿದ್ದು ಕೈಬಿಟ್ಟ ಗಳಿಗೆಯಲ್ಲಿ ದೇಹ ಇಳಿಯುತ್ತದೆ, ಅದಕ್ಕೆ ಎರಡೇ ನಿಮಿಷ ಸಾಕಾಗಬಹುದು.

ಸದ್ದಿನ ಕಡೆಯಿಂದ ನೋಡಿದರೆ ಚಿತ್ರ ಇನ್ನೂ ಸ್ಪಷ್ಟ. ಗ್ಯಾರಿ ಇವಾನ್ಸ್ ಮತ್ತು ಡಾನಾ ಜಾನ್ಸನ್ 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 40 ಗುಮಾಸ್ತೆಯರು ಮೂರು ಗಂಟೆ ಕೆಲಸ ಮಾಡಿದರು, ಅರ್ಧ ಮಂದಿ ನಿಶ್ಶಬ್ದದಲ್ಲಿ, ಅರ್ಧ ಮಂದಿ ತೆರೆದ ಕಚೇರಿಯ ಮಾಮೂಲಿ ಸದ್ದಿನಲ್ಲಿ. ಕಿವಿಗಡಚಿಕ್ಕುವ ಸದ್ದೇನಲ್ಲ. ಸದ್ದಿನಲ್ಲಿ ಕೂತವರ ಮೂತ್ರದಲ್ಲಿ ಅಡ್ರಿನಲಿನ್ ಹೆಚ್ಚಿತ್ತು, ಆಮೇಲೆ ಕೊಟ್ಟ ಒಗಟುಗಳನ್ನು ಅವರು ಬೇಗ ಕೈಬಿಟ್ಟರು, ಕೂತ ಭಂಗಿ ಬದಲಿಸಿದ್ದೂ ಕಡಿಮೆ. ಆದರೆ ಒತ್ತಡ ಆಯಿತೇ ಎಂದು ಕೇಳಿದಾಗ ಅವರ ಉತ್ತರ ಉಳಿದವರಿಗಿಂತ ಬೇರೆ ಇರಲಿಲ್ಲ. ‘ನನಗೆ ಗಲಾಟೆ ಅಭ್ಯಾಸವಾಗಿದೆ’ ಎನ್ನುವವರು ಇದನ್ನು ನೆನಪಿಡಬೇಕು.

ಸದ್ದುಗಳಲ್ಲೂ ಅರ್ಥವಾಗುವ ಮಾತು ಎಲ್ಲಕ್ಕಿಂತ ಹೆಚ್ಚು ಗಮನ ಕದಿಯುತ್ತದೆ. ಫ್ಯಾನಿನ ಸದ್ದು, ಮಳೆಯ ಸದ್ದು ಅಷ್ಟಾಗಿ ಕಾಡುವುದಿಲ್ಲ. ಪಕ್ಕದವರ ಫೋನ್ ಸಂಭಾಷಣೆ ಮೆಲ್ಲಗಿದ್ದರೂ ತಲೆಗೆ ನುಗ್ಗುತ್ತದೆ. ಹೀಗಾಗಿ ಕೆಲಸದ ಜಾಗದಲ್ಲಿ ಮೌನ ಎಂದರೆ ಶೂನ್ಯ ಡೆಸಿಬಲ್ ಅಲ್ಲ. ಯಾರೂ ನಿಮ್ಮಿಂದ ಏನೂ ಕೇಳದ, ಯಾವುದಕ್ಕೂ ಉತ್ತರ ಕೊಡಬೇಕಿಲ್ಲದ ಹೊತ್ತು. ನೋಟಿಫಿಕೇಶನ್ ಬಂದ್ ಮಾಡದೆ ಕಿವಿ ಮುಚ್ಚಿ ಕೂತರೆ ಅದು ಮೌನವಲ್ಲ, ಕಾಯುವುದು.

ಹತ್ತು ನಿಮಿಷ ಸುಮ್ಮನೆ ಕೂರುವುದು

ಹೇಳಿದಷ್ಟು ಸುಲಭವಲ್ಲ. ತಿಮೊಥಿ ವಿಲ್ಸನ್ ತಂಡ 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರನ್ನು 15 ನಿಮಿಷ ಖಾಲಿ ಕೋಣೆಯಲ್ಲಿ ಕೂರಿಸಿ, ಬೇಕಿದ್ದರೆ ಒತ್ತಿಕೊಳ್ಳಲು ಸಣ್ಣ ಕರೆಂಟ್ ಶಾಕ್ ಕೊಡುವ ಗುಂಡಿ ಇಟ್ಟರು. 18 ಗಂಡಸರಲ್ಲಿ 12 ಮಂದಿ, 24 ಹೆಂಗಸರಲ್ಲಿ 6 ಮಂದಿ ಸುಮ್ಮನೆ ಕೂರಲಾರದೆ ಒತ್ತಿಕೊಂಡರು. ಇವರೆಲ್ಲ ಆ ಶಾಕ್ ತಪ್ಪಿಸಿಕೊಳ್ಳಲು ದುಡ್ಡು ಬೇಕಾದರೂ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದವರು!

ಆದ್ದರಿಂದ ಹತ್ತು ನಿಮಿಷದಿಂದ ಶುರುಮಾಡಬೇಡಿ. ಮೊದಲ ವಾರ ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ. ಎರಡನೆಯ ವಾರ ಐದು. ಮೂರನೆಯ ವಾರದಿಂದ ಹತ್ತು. ಒಳ್ಳೆಯ ಹೊತ್ತು ಎಂದರೆ ಊಟಕ್ಕೆ ಮುಂಚೆ, ಅಥವಾ ಕೆಲಸ ಮುಚ್ಚಿದ ಕೂಡಲೆ. ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದಗಳು ನೆಲಕ್ಕೆ ತಾಗುವಂತೆ ಕೂತುಕೊಳ್ಳಿ. ಕಣ್ಣು ಮುಚ್ಚಲೇಬೇಕೆಂದಿಲ್ಲ. ಮೊದಲ ಎರಡು ನಿಮಿಷ ಉಸಿರನ್ನು ನಿಧಾನಿಸಿ: ಒಳಗೆ ನಾಲ್ಕು ಎಣಿಕೆ, ಹೊರಗೆ ಆರು. ಎಣಿಕೆಗೊಂದು ಸೆಕೆಂಡ್ ಹಿಡಿದರೆ ನಿಮಿಷಕ್ಕೆ ಆರು ಉಸಿರು; ಈ ವೇಗದಲ್ಲಿ ಎದೆಬಡಿತದ ಏರಿಳಿತ ಉಸಿರಿನೊಂದಿಗೆ ಹೊಂದಿಕೊಂಡು ದೇಹ ಶಾಂತಗೊಳ್ಳುತ್ತದೆ. ಎಣಿಸುವುದೇ ಕಷ್ಟವೆನಿಸಿದರೆ ಹೊರಬಿಡುವ ಉಸಿರು ಒಳಗೆಳೆಯುವುದಕ್ಕಿಂತ ಉದ್ದವಾಗಿರಲಿ, ಅಷ್ಟೇ ಸಾಕು. ಉಳಿದ ಎಂಟು ನಿಮಿಷ ಏನನ್ನೂ ಮಾಡಬೇಡಿ.

ಮೂರನೆಯ ನಿಮಿಷದ ಹೊತ್ತಿಗೆ ಮಾಡಬೇಕಾದ ಕೆಲಸಗಳು ಸಾಲುಗಟ್ಟಿ ನೆನಪಾಗುತ್ತವೆ. ಇದು ಸೋಲಲ್ಲ. ದಿನವಿಡೀ ಒತ್ತಿಟ್ಟಿದ್ದು ಜಾಗ ಸಿಕ್ಕಾಗ ಮೇಲೆ ಬರುತ್ತದೆ. ಪಕ್ಕದಲ್ಲಿ ಕಾಗದ ಇಟ್ಟುಕೊಂಡು ಒಂದೊಂದು ಪದ ಗೀಚಿ ಬಿಟ್ಟುಬಿಡಿ. ನಿದ್ದೆ ಬಂದರೆ ಅದು ಮೌನದ ದೋಷವಲ್ಲ, ರಾತ್ರಿ ನಿದ್ದೆ ಸಾಲದೆಂಬ ಸುದ್ದಿ. ‘ಸರಿಯಾಗಿ ಆಗುತ್ತಿದೆಯೇ’ ಎಂದು ಆ್ಯಪ್‌ನಲ್ಲಿ ಅಂಕ ನೋಡತೊಡಗಿದರೆ ಮಾತ್ರ ಕೆಟ್ಟಿತು, ಮೌನಕ್ಕೂ ಒಂದು ಟಾರ್ಗೆಟ್ ಬಂದ ಹಾಗೆ. ಹಳೆಯ ಆಘಾತ ಅನುಭವಿಸಿದವರಿಗೆ, ತೀವ್ರ ಆತಂಕ ಇರುವವರಿಗೆ ಕಣ್ಣು ಮುಚ್ಚಿ ಕೂರುವುದು ತಳಮಳ ಹೆಚ್ಚಿಸಬಹುದು. ಅಂಥವರು ಕೂರುವ ಬದಲು ಮಾತಿಲ್ಲದೆ, ಇಯರ್‌ಫೋನ್ ಇಲ್ಲದೆ ನಿಧಾನವಾಗಿ ನಡೆಯಲಿ. ಅದರಲ್ಲೂ ಇದೇ ಕೆಲಸ ಆಗುತ್ತದೆ.

ಬೇಕಾದಾಗಲೇ ಕೈಗೆ ಸಿಗದ ವಿರಾಮ

ಇಲ್ಲೊಂದು ತೊಡಕಿದೆ. ಒತ್ತಡ ಹೆಚ್ಚಿದ ದಿನವೇ ಮನಸ್ಸು ಕಳಚಿಕೊಳ್ಳುವುದು ಕಷ್ಟ, ನಿದ್ದೆ ಕೆಡುತ್ತದೆ, ವ್ಯಾಯಾಮ ತಪ್ಪುತ್ತದೆ. ವಿರಾಮ ಹೆಚ್ಚು ಬೇಕಾದವರಿಗೇ ಅದು ಕಡಿಮೆ ದಕ್ಕುತ್ತದೆ. ಸೊನೆನ್‌ಟಾಗ್ 2018ರಲ್ಲಿ ಇದನ್ನು ಚೇತರಿಕೆಯ ವಿರೋಧಾಭಾಸ ಎಂದು ಕರೆದರು. ‘ಸುಸ್ತಾದಾಗ ವಿರಮಿಸುತ್ತೇನೆ’ ಎಂಬ ಸೂತ್ರ ಸೋಲುವುದು ಇದರಿಂದಲೇ. ವಿರಾಮವನ್ನು ಅನಿಸಿಕೆಗೆ ಕಟ್ಟಬೇಡಿ, ಗಡಿಯಾರಕ್ಕೆ ಕಟ್ಟಿ.

ದೊಡ್ಡ ರಜೆಗೂ ಮಿತಿಯಿದೆ. ಜೆಸಿಕಾ ಡಿ ಬ್ಲೂಮ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಾಸರಿ 23 ದಿನ ರಜೆ ಹೋದವರ ನೆಮ್ಮದಿ ಎಂಟನೆಯ ದಿನದ ಹೊತ್ತಿಗೆ ತುದಿ ಮುಟ್ಟಿತು. ಮರಳಿ ಕೆಲಸಕ್ಕೆ ಬಂದ ಮೊದಲ ವಾರದಲ್ಲೇ ಹಳೆಯ ಮಟ್ಟಕ್ಕೆ ಇಳಿಯಿತು. ವರ್ಷದ ರಜೆಯನ್ನೆಲ್ಲ ಒಂದೇ ಗಂಟು ಕಟ್ಟಿಡುವುದಕ್ಕಿಂತ ಒಂದು ಎಂಟು–ಹತ್ತು ದಿನದ್ದು ಮತ್ತು ನಡುನಡುವೆ ಮೂರು–ನಾಲ್ಕು ದಿನದ ತುಂಡುಗಳಾಗಿ ಬಳಸುವುದು ಜಾಣತನ. ಹೊರಡುವ ಮುನ್ನ ಯಾವ ಕೆಲಸ ಯಾರ ಕೈಗೆ ಎಂದು ಬರೆದುಕೊಡದಿದ್ದರೆ ರಜೆಯಲ್ಲಿ ಫೋನ್ ಬರುತ್ತಲೇ ಇರುತ್ತದೆ. ಮರಳಿದ ಮೊದಲ ದಿನ ಮೀಟಿಂಗ್ ಇಡಬೇಡಿ.

ತಂಡ ಒಪ್ಪದ ಮೌನ ಉಳಿಯದು

ಒಬ್ಬರೇ ನೋಟಿಫಿಕೇಶನ್ ಬಂದ್ ಮಾಡಿಕೊಂಡರೆ ‘ಸಿಗುವುದೇ ಇಲ್ಲ’ ಎಂಬ ಹೆಸರು ಬರುತ್ತದೆ. ಲೆಸ್ಲಿ ಪರ್ಲೊ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಫ್ಟ್‌ವೇರ್ ಎಂಜಿನಿಯರುಗಳ ತಂಡವೊಂದು ವಾರದ ಕೆಲವು ದಿನ ನಿಗದಿತ ಹೊತ್ತಿನಲ್ಲಿ ಪರಸ್ಪರ ಮಾತಾಡಿಸಬಾರದೆಂಬ ನಿಯಮ ಮಾಡಿಕೊಂಡಿತು. ಕೆಲಸ ಸುಧಾರಿಸಿತು, ಆದರೆ ಪ್ರಯೋಗ ಮುಗಿದ ಮೇಲೆ ತಂಡ ಹಳೆಯ ಚಾಳಿಗೆ ಮರಳಿತು, ಕೊನೆಗಳಿಗೆಯಲ್ಲಿ ಬೆಂಕಿ ಆರಿಸುವವರಿಗೇ ಅಲ್ಲಿ ಮೆಚ್ಚುಗೆ ಸಿಗುತ್ತಿತ್ತು. 2009ರಲ್ಲಿ ಅವರು ಜೆಸಿಕಾ ಪೋರ್ಟರ್ ಜೊತೆ ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಸಲಹಾ ಸಂಸ್ಥೆಯಲ್ಲಿ ಮಾಡಿದ ಪ್ರಯೋಗದ ವಿವರ ಪ್ರಕಟಿಸಿದರು. ಅಲ್ಲಿ ಒಂದು ತಂಡದ ಪ್ರತಿಯೊಬ್ಬರಿಗೂ ವಾರದ ನಡುವೆ ಒಂದು ಪೂರ್ತಿ ದಿನ, ಇನ್ನೊಂದರಲ್ಲಿ ಒಂದು ಪೂರ್ತಿ ಸಂಜೆ ಕಡ್ಡಾಯ ಬಿಡುವು. ಪ್ರತಿ ವಾರ ಅದರ ಬಗ್ಗೆ ತಂಡ ಕೂತು ಮಾತಾಡಲೇಬೇಕಿತ್ತು. ಬಿಡುವು ನಿಂತದ್ದು ಆ ಮಾತುಕತೆಯ ಆಸರೆಯಲ್ಲಿ.

ತಂಡದಲ್ಲಿ ಇದನ್ನು ತರುವುದಾದರೆ ಸಣ್ಣದಾಗಿ: ವಾರಕ್ಕೆ ಮೂರು ದಿನ, ಬೆಳಗ್ಗೆ ಎರಡು ಗಂಟೆ, ಮೀಟಿಂಗ್ ಇಲ್ಲ, ಮೆಸೇಜ್‌ಗೆ ಉತ್ತರ ನಿರೀಕ್ಷೆ ಇಲ್ಲ. ತುರ್ತು ಬಂದರೆ ಫೋನ್ ಕರೆ, ಮತ್ತು ಕರೆಗೆ ಉತ್ತರಿಸಲು ಸರದಿಯಲ್ಲಿ ಒಬ್ಬರು. ತುರ್ತು ಎಂದರೆ ಏನೆಂದು ಮೊದಲೇ ಬರೆದಿಡಿ. ಬರೆಯದಿದ್ದರೆ ಎರಡನೆಯ ವಾರಕ್ಕೆ ಎಲ್ಲವೂ ತುರ್ತಾಗುತ್ತದೆ. ಮೊದಲು ನಿಯಮ ಮುರಿಯುವವರು ಸಾಮಾನ್ಯವಾಗಿ ಮ್ಯಾನೇಜರ್‌ಗಳೇ. ರಾತ್ರಿ ಹತ್ತಕ್ಕೆ ಮೇಲ್ ಬರೆಯುವ ಅಭ್ಯಾಸವಿರುವವರು ಬರೆಯಲಿ, ಆದರೆ ಬೆಳಗ್ಗೆ ಒಂಬತ್ತಕ್ಕೆ ಹೋಗುವಂತೆ ಹೊತ್ತು ನಿಗದಿ ಮಾಡಲಿ.

ವಿರಾಮದಿಂದ ಆಗದ ಕೆಲಸ

ಆಕ್ಸ್‌ಫರ್ಡ್‌ನ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಬ್ರಿಟನ್ನಿನ 233 ಸಂಸ್ಥೆಗಳ 46,336 ಉದ್ಯೋಗಿಗಳ ಮಾಹಿತಿ ನೋಡಿದರು. ಧ್ಯಾನದ ಆ್ಯಪ್, ಒತ್ತಡ ನಿರ್ವಹಣೆಯ ತರಗತಿಗಳಂಥ ವೈಯಕ್ತಿಕ ಮಟ್ಟದ ಕಾರ್ಯಕ್ರಮಗಳಲ್ಲಿ ಭಾಗವಹಿಸಿದವರ ನೆಮ್ಮದಿ ಭಾಗವಹಿಸದವರಿಗಿಂತ ಮೇಲಿರಲಿಲ್ಲ. ಸ್ವಯಂಸೇವೆಯ ಅವಕಾಶವೊಂದೇ ಹೊರತು. ಮೌನದ ಹತ್ತು ನಿಮಿಷ ಕೊಟ್ಟು ಉಳಿದ ದಿನವೆಲ್ಲ ಹಿಂಡಿದರೆ ಲೆಕ್ಕ ಸರಿಹೋಗುವುದಿಲ್ಲ.

ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಆರು ಕಡೆ ನೋಡಲು ಹೇಳುತ್ತಾರೆ: ಕೆಲಸದ ಹೊರೆ, ಅದರ ಮೇಲಿನ ಹಿಡಿತ, ಸಿಗುವ ಪ್ರತಿಫಲ, ಸಹೋದ್ಯೋಗಿಗಳ ಒಡನಾಟ, ನ್ಯಾಯ, ಮೌಲ್ಯಗಳ ಹೊಂದಿಕೆ. ವಿರಾಮ ನೇರವಾಗಿ ಮುಟ್ಟುವುದು ಮೊದಲನೆಯದನ್ನು ಮಾತ್ರ. ಬಡ್ತಿಯಲ್ಲಿ ಅನ್ಯಾಯವಾಗಿದ್ದರೆ, ಮನಸ್ಸೊಪ್ಪದ ಕೆಲಸ ಮಾಡಿಸುತ್ತಿದ್ದರೆ ಎಷ್ಟು ಸುಮ್ಮನೆ ಕೂತರೂ ಅದು ಹಾಗೇ ಇರುತ್ತದೆ. ಮ್ಯಾನೇಜರ್ ಹತ್ತಿರ ಮಾತಾಡುವಾಗ ‘ತುಂಬಾ ಒತ್ತಡ ಸರ್’ ಎಂದರೆ ಸಮಾಧಾನದ ಮಾತು ಸಿಗುತ್ತದೆ. ಎರಡು ವಾರದ ಪಟ್ಟಿ ಒಯ್ಯಿರಿ: ಯಾವ ಕೆಲಸಕ್ಕೆ ಎಷ್ಟು ಗಂಟೆ, ಎಷ್ಟು ಮೀಟಿಂಗ್, ಕೆಲಸದ ಹೊತ್ತು ಮೀರಿ ಎಷ್ಟು ಕರೆ. ಅದನ್ನು ಮುಂದಿಟ್ಟು ‘ಇವುಗಳಲ್ಲಿ ಯಾವ ಎರಡನ್ನು ಬಿಡಲಿ?’ ಎಂದು ಕೇಳಿ.

ನಿದ್ದೆ, ಹಸಿವು ಎರಡು ವಾರಕ್ಕೂ ಮೀರಿ ಕೆಟ್ಟಿದ್ದರೆ, ಕೆಲಸಕ್ಕೆ ಸಂಬಂಧವಿಲ್ಲದ ಸಂತೋಷಗಳೂ ಸಪ್ಪೆಯಾಗಿದ್ದರೆ ಅದು ಖಿನ್ನತೆ ಇರಬಹುದು, ವೈದ್ಯರನ್ನು ಕಾಣಬೇಕು. ಬದುಕೇ ಬೇಡ ಎನಿಸಿದರೆ ಎರಡು ವಾರ ಕಾಯಬಾರದು, ಅಂದೇ ಯಾರಿಗಾದರೂ ಹೇಳಿ ಸಹಾಯ ಪಡೆಯಬೇಕು. ರಕ್ತಹೀನತೆ, ಥೈರಾಯ್ಡ್ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ಸಮಸ್ಯೆ ಕೂಡ ಇದೇ ವೇಷದಲ್ಲಿ ಬರುತ್ತವೆ. ಮೊದಲೆರಡು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತವೆ, ಮೂರನೆಯದಕ್ಕೆ ನಿದ್ದೆಯ ಪರೀಕ್ಷೆ ಬೇಕು. ವೈದ್ಯರಲ್ಲಿಗೆ ಹೋಗುವಾಗ ಮ್ಯಾನೇಜರ್‌ಗೆ ತೋರಿಸಿದ ಅದೇ ಎರಡು ವಾರದ ಪಟ್ಟಿಗೆ ಮಲಗಿದ ಹೊತ್ತು, ಎದ್ದ ಹೊತ್ತು, ದಿನದ ಕಾಫಿ–ಟೀ ಲೆಕ್ಕ, ಸೇವಿಸುತ್ತಿರುವ ಮಾತ್ರೆಗಳ ಹೆಸರು ಸೇರಿಸಿಕೊಳ್ಳಿ. ಗೊರಕೆ ಹೊಡೆಯುತ್ತೀರಾ ಎಂದು ಮನೆಯವರನ್ನು ಕೇಳಿಕೊಂಡು ಹೋಗಿ.